ಎಡಗಡೆಯ ಸೀಟು, ಹಾಡಿನ ಡಬ್ಬಿ

ಜೀಪಿನ ಮುಂದಿನ ಎಡಗಡೆಯ ಸೀಟು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದೆಲ್ಲ ಆ ಸೀಟಿನ ಸಲುವಾಗಿಯೇ ನಡೆದದ್ದು.

ನನ್ನ ಗಂಡ ಕಮಲಾಪುರದಿಂದ ಕಲಬುರಗಿಗೆ ಜೀಪು ಓಡಿಸುತ್ತಿದ್ದ. ಬಸ್‌ಸ್ಟ್ಯಾಂಡಿನ ಹೊರಗೆ ನಿಲ್ಲಿಸಿ, ಬಸ್ಸಿಗೆ ಕಾಯುವವರನ್ನು ಕೂಗಿ ಕರೆದು, ಒಳಗೆ ಹಿಡಿಸುವಷ್ಟು ಹಿಡಿಸಿ, ಉಳಿದವರನ್ನು ಹಿಂದೆ ಜೋತುಬೀಳಿಸಿಕೊಂಡು ಹೋಗುವ ಜೀಪು. ಅವನಿಗೆ ಕಾಮಾಲೆ ಆಯಿತು. ಬೇರಿನ ಔಷಧ ಕೊಟ್ಟರು, ದವಾಖಾನೆಯದೂ ಕೊಟ್ಟರು. ಸತ್ತ. ನನಗೆ ಮಕ್ಕಳಿಲ್ಲ. ದಿನ ಮಾಡಿ ಮುಗಿದ ಮೇಲೆ ಹಿರಿಯರು ಪಡಸಾಲೆಯಲ್ಲಿ ಕೂತು ಮಾತಾಡಿದರು. ಜೀಪನ್ನು ಮೈದುನ ಓಡಿಸುವುದು, ನಾನು ಅವನ ಮನೆಯಲ್ಲಿ ಇರುವುದು, ನನ್ನ ಊಟ ಬಟ್ಟೆ ಅವನು ನೋಡಿಕೊಳ್ಳುವುದು. ಎಲ್ಲ ಅವರೇ ಮಾತಾಡಿಕೊಂಡು ಕಡೆಗೆ ನನ್ನ ಕಡೆ ತಿರುಗಿದರು.

“ನಿನಗೇನರೆ ಬೇಕೇನವ್ವಾ?”

“ಜೀಪಿನ ಮುಂದಿನ ಸೀಟ ಬೇಕ್ರಿ,” ಅಂದೆ. “ನಾ ಇರೋತನಕ. ಕಾಲಾಗ ಬುಟ್ಟಿ ಇಡ್ಲಕ್ಕ ಜಾಗ ಸೈತ.”

ಒಬ್ಬ ಮುದುಕ ನಕ್ಕ. “ಹೊಲದಾಗ ಪಾಲ ಕೇಳ್ತಾಳಂತ ಅಂಜಿದ್ವಿ. ಸೀಟ ಕೇಳ್ಯಾಳ. ಕೊಡ್ರೋ, ಕೊಡ್ರಿ.”

ಅವರಿಗೆ ನಗೆ. ನನಗೆ ಆ ಸೀಟು ಬಿಟ್ಟರೆ ಬೇರೆ ಬಾಗಿಲಿರಲಿಲ್ಲ. ಗಂಡ ಇದ್ದಾಗಿನಿಂದಲೂ ನಾನು ಕಮಲಾಪುರದ ಕೆಂಪು ಬಾಳೆಹಣ್ಣನ್ನು ತೋಟದಿಂದ ತಂದು ಕಲಬುರಗಿಯಲ್ಲಿ ದರ್ಗಾದ ಹತ್ತಿರದ ರೋಜಾ ಓಣಿಯಲ್ಲಿ ಮಾರುತ್ತಿದ್ದೆ. ದರ್ಗಾಕ್ಕೆ ಬರುವ ಜನ, ಲಾಡ್ಜಿನಲ್ಲಿ ಇಳಿದುಕೊಳ್ಳುವ ಪರವೂರಿನವರು, ಆ ಬಣ್ಣ ನೋಡಿಯೇ ನಿಲ್ಲುತ್ತಿದ್ದರು. ಕೆಂಪು ಬಾಳೆ ನೋಡಲಿಕ್ಕೆ ಗಟ್ಟಿ, ಖರೇ ಅಂದರೆ ನಾಜೂಕು. ಅದುಮಿದಲ್ಲಿ ಕಪ್ಪಾಗುತ್ತದೆ. ಜೀಪಿನ ಮೇಲಿನ ಕ್ಯಾರಿಯರಿಗೆ ಹಾಕಿದರೆ ಬಿಸಿಲು, ಕೆಳಗೆ ಜನರ ಕಾಲಲ್ಲಿ ಹಾಕಿದರೆ ಚಪ್ಪಲಿ. ನನ್ನ ಎರಡು ಪಾದದ ನಡುವೆ ಇಟ್ಟುಕೊಂಡು ಹೋದರೆ ಮಾತ್ರ ಅದು ಹೇಗೆ ಹೊರಟಿತ್ತೋ ಹಾಗೆ ಮುಟ್ಟುತ್ತಿತ್ತು. ಸೀಟು ಹೋದರೆ ಬಾಳೆಹಣ್ಣು ಹೋಯಿತು. ಬಾಳೆಹಣ್ಣು ಹೋದರೆ ನಾನು ಮನೆಯಲ್ಲಿ.

ಮನೆ ಕೆಟ್ಟದ್ದಲ್ಲ. ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಅವಳೂ ಕೆಟ್ಟವಳಲ್ಲ. ಆದರೆ ಮನೆ ಅವಳದು. ನಾನು ಹಿಟ್ಟಿನ ಡಬ್ಬಿ ಮುಟ್ಟಿದರೆ ಅವಳ ಕಣ್ಣು ಹಿಂದೆ ಬರುತ್ತಿತ್ತು. ಮಂದಿ ಬಂದರೆ ನಾನು ಹಿತ್ತಲಿಗೆ. ಶುಭಕಾರ್ಯ ಇದ್ದರೆ ಹಿತ್ತಲಿಗಿಂತಲೂ ಹಿಂದೆ. ಹಿತ್ತಲಿನ ಗೋಡೆ ಎಷ್ಟು ಎತ್ತರ ಅಂದರೆ ಆಚೆ ಹೋಗುವ ಎತ್ತಿನ ಕೋಡು ಸಹ ಕಾಣುತ್ತಿರಲಿಲ್ಲ. ಬೆಳಿಗ್ಗೆ ಜೀಪು ಹತ್ತಿದರೆ ಸಂಜೆತನಕ ಆ ಗೋಡೆ ಇಲ್ಲ. ಅಷ್ಟೇ ನನ್ನ ಲೆಕ್ಕ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಜೀಪಿನಲ್ಲಿ ಒಂದು ಟೇಪ್‌ರೆಕಾರ್ಡರ್ ಇತ್ತು, ನನ್ನ ಗಂಡ ಹಾಕಿಸಿದ್ದು. ಧೂಳು ತಿಂದು ತಿಂದು ಅದಕ್ಕೆ ಅಜೀರ್ಣ ಆಗಿತ್ತು. ಕ್ಯಾಸೆಟ್ಟು ಹಾಕಿದರೆ ಒಳಗಿನ ರೀಲನ್ನು ಶ್ಯಾವಿಗೆಯ ಹಾಗೆ ಕಕ್ಕುತ್ತಿತ್ತು. ಅಷ್ಟರಲ್ಲಿ ಸ್ಟ್ಯಾಂಡಿನ ಬೇರೆ ಜೀಪುಗಳಿಗೆ ಸೀಡಿ ಬಂದವು. ಹರೆಯದ ಮಂದಿ ಹಾಡು ಕೇಳಿ ಜೀಪು ಹತ್ತುವವರು. ನಮ್ಮ ಜೀಪು ತುಂಬುವುದು ತಡವಾಗತೊಡಗಿತು. ಮೈದುನ ತಲೆ ಕೆರೆದುಕೊಂಡು ಓಡಾಡಿದ.

ಒಂದು ಸಂಜೆ ಅವನು ಕಂಕುಳಲ್ಲಿ ಏನೋ ಇಟ್ಟುಕೊಂಡು ಮನೆಗೆ ಬಂದ. ಕರಿಯ, ಚಪ್ಪಟೆ. ಕಲಬುರಗಿಯಲ್ಲಿ ಒಂದು ಕಂಪ್ಯೂಟರ್ ಕ್ಲಾಸು ಮುಚ್ಚಿ ಸಾಮಾನು ಹೊರಗೆ ಹಾಕುತ್ತಿದ್ದರಂತೆ, ಅಲ್ಲಿಂದ ತಂದಿದ್ದ. ಮುಚ್ಚಳ ತೆರೆದು ತೋರಿಸಿದ. ಗಾಜು ಒಡೆದು ಜೇಡರಬಲೆ ಆಗಿತ್ತು.

“ಇದೇನ್ರಿ, ಸಾಲಿ ಹುಡುಗರ ಒಡದ ಪಾಟಿ ತಂದೀರಿ?” ಅಂದಳು ನೆಗೆಣ್ಣಿ.

“ಪಾಟಿ ಅಲ್ಲ, ಲ್ಯಾಪ್‌ಟಾಪ್. ಗಾಜ ಒಡದ್ರೇನ್, ಒಳಗಿಂದೆಲ್ಲ ಚಂದ ಅದ. ಜೀಪಿಗಿ ಕೂಡಸ್ತೀನಿ. ಸಾವಿರ ಹಾಡ ಹಿಡಸ್ತಾವ ಇದರಾಗ.”

“ಸಾವಿರ ಹಾಡ ತಗೊಂಡ ಏನ್ ಮಾಡ್ತಿ?” ಅಂದೆ ನಾನು. “ಹತ್ತ ಹಾಡ ಮುಗಿಯೋದ್ರಾಗ ಕಲಬುರಗಿ ಬರ್ತದ. ಉಳಿದ ಹಾಡ ಕೇಳ್ಲಕ್ಕ ಮಂದಿ ಹೈದರಾಬಾದಿಗಿ ಹೋಗ್ಬೇಕೇನು?”

“ವೈನಿ, ನಿಮಗ ತಿಳಿಯಂಗಿಲ್ಲ ಬಿಡ್ರಿ,” ಅಂದ.

ಖರೇ, ತಿಳಿಯುತ್ತಿರಲಿಲ್ಲ. ನಾನು ಎರಡನೇ ಇಯತ್ತೆತನಕ ಕಲಿತವಳು. ಬಸ್ಸಿನ ಬೋರ್ಡು ಕೂಡಿಸಿ ಓದುತ್ತೇನೆ, ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಆದರೆ ಆ ಯಂತ್ರ ತಯಾರಾದದ್ದು ಮಾತ್ರ ನನ್ನ ಕಣ್ಣೆದುರಿಗೇ. ರೋಜಾದಲ್ಲಿ ನಾನು ಬುಟ್ಟಿ ಇಟ್ಟುಕೊಂಡು ಕೂಡುತ್ತಿದ್ದದ್ದು ಒಂದು ರೇಡಿಯೋ ರಿಪೇರಿ ಅಂಗಡಿಯ ಕಟ್ಟೆಯ ಮೇಲೆ. ಅಂಗಡಿಯವ ನಡುವಯಸ್ಸಿನ ಸಾಹೇಬ. ನನಗೆ ಖಾಲಾ ಅನ್ನುತ್ತಿದ್ದ, ನಾನು ಅವನಿಗೆ ಭಾಯಿ ಅನ್ನುತ್ತಿದ್ದೆ. ಮೈದುನ ಒಡೆದ ಪಾಟಿಯನ್ನು ಅವನ ಕೈಗೇ ಕೊಟ್ಟ.

ಭಾಯಿ ಮೊದಲು ಒಡೆದ ಗಾಜಿನ ಮುಚ್ಚಳವನ್ನು ಬಿಚ್ಚಿ ಮೂಲೆಗೆ ಹಾಕಿದ. ಗುಂಡಿಗಳಿದ್ದ ಬಡ್ಡೆ ಉಳಿಯಿತು. ಅಂಗಡಿಯಲ್ಲಿದ್ದ ಹಳೆಯ ಟೀವಿಗೆ ಅದರ ವೈರು ಜೋಡಿಸಿ, ಟೀವಿಯೊಳಗೆ ನೋಡಿಕೊಂಡು ಸೀಡಿಯಿಂದ ಹಾಡುಗಳನ್ನು ತುಂಬಿದ. ಕರೆಂಟು ಕೊಟ್ಟ ಕೂಡಲೇ ತಾನೇ ಹಾಡತೊಡಗುವ ಹಾಗೆ ಅದಕ್ಕೆ ಕಲಿಸಿದ. ಆಮೇಲೆ ಗುಂಡಿಗಳನ್ನು ಕೋಳಿಯ ಪುಕ್ಕ ಕಿತ್ತ ಹಾಗೆ ಕಿತ್ತು ಒಂದು ಡಬ್ಬಿಗೆ ಹಾಕುತ್ತ ಕೂತ.

“ಯಾಕ ಕೀಳ್ತಿ ಭಾಯಿ, ಪಾಪ?”

“ಜೀಪಿನಾಗ ಮಂದಿ ಕೈ ಎಲ್ಲೆಲ್ಲೋ ಬೀಳ್ತದ ಖಾಲಾ. ಬೇಕಾದವು ಅಷ್ಟೇ ಇರಬೇಕು. ಇದು ಹಾಡ ಹಚ್ಲಕ್ಕ, ಬಂದ್ ಮಾಡ್ಲಕ್ಕ. ಇದು ಮುಂದಿನ ಹಾಡಿಗಿ, ಇದು ಹಿಂದಿನದಕ್ಕ. ಇವೆರಡು ಆವಾಜಿಗಿ.”

“ಮತ್ತ ಈ ದೊಡ್ಡದು?”

“ಅದು ಹೂಂ ಅನ್ನೋ ಗುಂಡಿ. ಮಷೀನ್ ಏನರೆ ಕೇಳಿತಂದ್ರ ಹೂಂ ಅನ್ಲಕ್ಕ ಒಂದು ಬೇಕಲ್ಲ.”

“ಏನ್ ಕೇಳ್ತದ ಅದು?”

“ಇದರೊಳಗಿನ ಬ್ಯಾಟರಿ ಸತ್ತದ. ಜೀಪಿಂದ ಕರೆಂಟ್ ಝಟ್ಟಂತ ನಿಂತ್ರ ಇದಕ ಗಾಬ್ರಿ ಆಗ್ತದ. ತಿರಗ ಎದ್ದಾಗ, ಮುಂದ ಹೋಗಬೇಕೋ ಬ್ಯಾಡೋ ಅಂತ ಕೇಳ್ತದ. ಗಾಜ ಇದ್ರ ಬರದ ತೋರಸ್ತಿತ್ತು. ಈಗ ಬರೇ ಪೀಂ ಅಂತದ. ಪೀಂ ಅಂದ ಮ್ಯಾಲ ಇದನ್ನ ಒತ್ತಬೇಕು. ಮೊದಲ ಒತ್ತಿದ್ರ ನಡ್ಯಂಗಿಲ್ಲ.”

ಇಷ್ಟನ್ನು ಅವನು ಮೈದುನನಿಗೂ ಹೇಳಿದ. ಮೈದುನ ಆ ಹೊತ್ತಿನಲ್ಲಿ ಬೀಡಿ ಹಚ್ಚುತ್ತಿದ್ದ.

ಜೀಪಿನ ಬ್ಯಾಟರಿಯ ಕರೆಂಟು ಅದಕ್ಕೆ ಆಗುವುದಿಲ್ಲವಂತೆ. ನಡುವೆ ಒಂದು ಪೆಟ್ಟಿಗೆ ಬೇಕು, ಅದು ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟು ಮಾಡಿ ಕೊಡುತ್ತದೆ. ಹಾಡಿನ ದನಿ ದೊಡ್ಡದು ಮಾಡಲಿಕ್ಕೆ ಇನ್ನೊಂದು ಪೆಟ್ಟಿಗೆ. ಜೀಪಿನ ಹಿಂದೆ ಎರಡು ಸ್ಪೀಕರು. ಎಲ್ಲ ಜೋಡಿಸಿ ಅಂಗಡಿಯಲ್ಲೇ ಹಾಡು ಹಚ್ಚಿದಾಗ ಲಾಡ್ಜಿನವರು ಕಿಟಕಿ ತೆರೆದು ನೋಡಿದರು. ಆದರೆ ಜೀಪಿನಲ್ಲಿಟ್ಟು ಕೋಟೆಯತನಕ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ನಾಲ್ಕು ಕಡೆ ನಿಂತಿತು. ಒಳಗೊಂದು ತಟ್ಟೆ ಗಿರಗಿರ ತಿರುಗುತ್ತದಂತೆ, ಕುಲುಕಿದರೆ ಅದು ತಡವರಿಸುತ್ತದಂತೆ. ಮೈದುನ ಕೆಳಗೆ ಸ್ಪಂಜು ಹಾಕಿದ. ಯಂತ್ರದ ಕಾವಿಗೆ ಸ್ಪಂಜು ಕರಗಿ ಜೀಪೆಲ್ಲ ನಾತ ಹಿಡಿಯಿತು.

“ಹತ್ತಿ ಬಟ್ಟಿ ಹಾಕು. ಕಾವು ತಡೀತದ,” ಅಂದೆ.

“ನೀವೇ ಒಂದು ಕೌದಿ ಹೊಲದ ಕೊಡ್ರಲಾ ವೈನಿ.”

ಕೌದಿ ಹೊಲಿಯುವುದು ನನಗೆ ಬರುತ್ತದೆ. ನನ್ನ ಎರಡು ಹಳೆಯ ಸೀರೆ, ಗಂಡನ ಒಂದು ಧೋತರ, ಪದರದ ಮೇಲೆ ಪದರ ಹಾಕಿ ಒತ್ತಾಗಿ ದಾರ ಓಡಿಸಿದೆ. ಯಂತ್ರದ ಪಕ್ಕದಲ್ಲಿ ಬಿಸಿಗಾಳಿ ಬಿಡುವ ಒಂದು ಕಿಂಡಿ ಇತ್ತು, ಅಲ್ಲಿ ಬಟ್ಟೆ ಮುಚ್ಚಬಾರದು ಅಂತ ಭಾಯಿ ಹೇಳಿದ್ದ. ಅಷ್ಟು ಜಾಗ ಕತ್ತರಿಸಿ ಅಂಚು ಮಡಿಚಿ ಹೊಲಿದೆ. ಗೇಣು ಹಾಕಿ ಅಳತೆ ತೆಗೆದುಕೊಂಡದ್ದು, ಕೂಸಿನ ಕುಂಚಿಗೆಗೆ ತೆಗೆದುಕೊಂಡ ಹಾಗೆ. ಕೌದಿಯ ಮೇಲಿಟ್ಟು ಓಡಿಸಿದರೆ ಹಾಡು ಎಲ್ಲೂ ನಿಲ್ಲಲಿಲ್ಲ. ಮೈದುನ ಕುಣಿಯುವುದೊಂದು ಬಾಕಿ.

ಎಲ್ಲ ಅಳೆದೆ. ಜೀಪಿನಲ್ಲಿ ಅದನ್ನು ಎಲ್ಲಿಡುತ್ತಿ ಅಂತ ಮಾತ್ರ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಬುಟ್ಟಿ ಹಿಡಿದುಕೊಂಡು ಹೋದರೆ ನನ್ನ ಸೀಟಿನ ಮುಂದೆ, ಮೊಣಕಾಲಿಡುವಲ್ಲಿ, ಹಲಗೆಯ ಗೂಡು ಹೊಡೆದಿದ್ದ. ಗೂಡಿನಲ್ಲಿ ಯಂತ್ರ, ಅದರ ಕೆಳಗೆ ನನ್ನ ಕೌದಿ, ಅದರ ಕೆಳಗೆ ಎರಡು ಪೆಟ್ಟಿಗೆ. ಬುಟ್ಟಿ ಹೋಗಲಿ, ನನ್ನ ಕಾಲೇ ಹೋಗುತ್ತಿರಲಿಲ್ಲ.

“ವೈನಿ, ಇನ್ನ ಮ್ಯಾಲ ಹಿಂದ ಕುಂದರ್ರಿ. ಬುಟ್ಟಿ ಮ್ಯಾಲ ಹಾಕ್ತೀನಿ.”

“ಹಿರಿಯರ ಮುಂದ ಸೀಟ ಕೊಟ್ಟಿದ್ದಿ.”

“ಸೀಟ ನಿಮ್ಮದೇ ಅದರಿ. ಹಿಂದಂದೂ ಸೀಟೇ ಅಲ್ಲೇನು?”

ಸ್ಟ್ಯಾಂಡಿನಲ್ಲಿ ಜನ ನಿಂತಿದ್ದರು. ಹೂಂ ಅಂದು ಹಿಂದೆ ಹತ್ತಿದೆ. ನನ್ನ ಸೀಟಿನಲ್ಲಿ ಅವನು ಒಬ್ಬ ಸಣಕಲನನ್ನು ಕಾಲು ಓರೆ ಮಾಡಿಸಿ ಕೂಡಿಸಿದ.

ಜೀಪಿನ ಹಿಂದೆ ಎರಡು ಉದ್ದ ಪಟ್ಟಿ ಸೀಟು ಎದುರುಬದುರು. ನನ್ನ ಮೊಣಕಾಲು ಎದುರಿನವನ ಮೊಣಕಾಲಿನ ನಡುವೆ. ನಡುವಿನ ಜಾಗದಲ್ಲಿ ಚೀಲ, ಆಡು, ಕೂಸು. ಕಿವಿಯ ಪಕ್ಕದಲ್ಲೇ ಸ್ಪೀಕರು. ಹೊರಗಡೆ ಏನೂ ಕಾಣುವುದಿಲ್ಲ, ಬಾಗಿಲಲ್ಲಿ ಜೋತುಬಿದ್ದವರ ಹೊಟ್ಟೆ ಕಾಣುತ್ತದೆ. ರೋಜಾದಲ್ಲಿ ಬುಟ್ಟಿ ಇಳಿಸಿ ಬಿಚ್ಚಿದರೆ ಹಣ್ಣಿನ ಮೈಮೇಲೆಲ್ಲ ಕರಿ ಗಾಯ. ಯಾರೋ ಅದರ ಮೇಲೆ ಸೈಕಲ್ಲು ಹಾಕಿದ್ದರು.

ದಿನಾ ಕೊಳ್ಳುವ ಒಬ್ಬ ಬುರ್ಖಾದಾಕೆ ಹಣ್ಣು ತಿರುಗಿಸಿ ನೋಡಿ ಇಟ್ಟಳು. “ಕಾಲೆ ಪಡ್‌ಗಯೆ ಅಮ್ಮಾ. ಇವು ಯಾರ ತಗೋತಾರ?”

ಅದು ಒಂದು ದಿನದ ಮಾತಾಗಿರಲಿಲ್ಲ. ದಿನ ಬಿಟ್ಟು ದಿನ ಕಪ್ಪಾದ ಹಣ್ಣನ್ನು ಮನೆಗೆ ತಿರುಗಿ ತಂದೆ. ಎಮ್ಮೆ ತಿಂದಿತು. ನೆಗೆಣ್ಣಿ ನೋಡುತ್ತಿದ್ದಳು. ಒಂದು ದಿನ ನನ್ನ ಮುಂದೆ ಚಹಾ ಇಟ್ಟು, ತಾನೂ ಕೂತು, ಬಹಳ ಮೆತ್ತಗೆ ಹೇಳಿದಳು.

“ಅಕ್ಕಾ, ಯಾಕ ಇಷ್ಟ ಒದ್ದಾಡ್ತೀರಿ? ಮನ್ಯಾಗ ಇರ್ರಿ. ಜ್ವಾಳ ಹಸನ ಮಾಡಿಕೋತ, ಎರಡ ಕೌದಿ ಹೊಲಕೋತ. ನಿಮಗ್ಯಾರ ಏನಂತಾರ?”

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವಳು ಒಳ್ಳೆಯ ಮಾತಿನಲ್ಲಿ ಹೇಳಿದಳು. ನಾನು ಚಹಾ ಕುಡಿಯುತ್ತ ಹಿತ್ತಲಿನ ಗೋಡೆ ನೋಡಿದೆ. ಅದಕ್ಕೆ ಮೊನ್ನೆಯಷ್ಟೇ ಸುಣ್ಣ ಬಳಿದಿದ್ದರು.

ನನ್ನನ್ನು ಬಿಡಿಸಿದ್ದು ಆ ಯಂತ್ರವೇ. ಬಿಡಿಸಿತು ಅಂತಲೂ ಹೇಳಲಾರೆ.

ಮಹಾಗಾಂವ ಕ್ರಾಸಿನಲ್ಲಿ ಜನ ಇಳಿದು ಹತ್ತುವಾಗ ಜೀಪಿನ ಎಂಜಿನ್ನು ಬಂದಾಗುತ್ತಿತ್ತು. ತಿರುಗಿ ಚಾಲೂ ಮಾಡುವಾಗ ಬ್ಯಾಟರಿ ಕುಸಿದು ಯಂತ್ರ ಗಾಬರಿಯಾಗಿ ಸಾಯುತ್ತಿತ್ತು. ಎದ್ದು, ಪೀಂ ಅಂದು, ಸುಮ್ಮನೆ ಕೂಡುತ್ತಿತ್ತು. ಅದು ಏನೋ ಕೇಳುತ್ತಿದೆ ಅಂತ ಮೈದುನನಿಗೆ ನೆನಪಿರಲಿಲ್ಲ. ಕೆಟ್ಟಿತು ಅಂತ ತಿಳಿದು ವೈರು ಕೀಳುವುದು, ಹಾಕುವುದು, ಗೂಡಿಗೆ ಗುದ್ದುವುದು.

“ಏ ಡ್ರೈವರ್, ಹಾಡ ಎಲ್ಲಿ ಇಳಿದು ಹೋಯ್ತೋ?” ಅಂದ ಹಿಂದಿನಿಂದ ಒಬ್ಬ.

“ಕ್ರಾಸಿನಾಗ ಇಳೀತು. ಅದರ ಟಿಕೀಟ ಅಲ್ಲೀತನಕೇ ಇತ್ತು,” ಅಂದ ಇನ್ನೊಬ್ಬ.

ಮುಂದೆ ಕೂತ ಸಣಕಲ ಇದ್ದಬಿದ್ದ ಗುಂಡಿಯನ್ನೆಲ್ಲ ಒತ್ತಿದ. ಮೈದುನ ಓಡಿಸುತ್ತಲೇ ಬಗ್ಗಿ ಗೂಡಿಗೆ ಕೈ ಹಾಕಿದ. ಜೀಪು ರಸ್ತೆ ಬಿಟ್ಟು ಒಂದು ಎಮ್ಮೆಯ ಕಡೆ ಹೋಯಿತು. ಎಮ್ಮೆ ಸರಿಯಲಿಲ್ಲ. ಇವನೇ ಹೇಗೋ ತಿರುಗಿಸಿಕೊಂಡ. ಒಳಗಿನವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು, ಆಡು ನನ್ನ ಮಡಿಲಿಗೆ ಬಂತು.

ನಾನು ಆಡನ್ನು ಇಳಿಸಿ ಹಿಂದಿನಿಂದ ಕೂಗಿದೆ. “ವೈರ ತಗದ ಹಾಕು. ಪೀಂ ಅನ್ಲಿ, ತಡಿ. ಈಗ ದೊಡ್ಡ ಗುಂಡಿ ಒತ್ತು.”

ಸಣಕಲ ಒತ್ತಿದ. ಹಾಡು ಬಂತು. ಜೀಪಿನವರೆಲ್ಲ ತಿರುಗಿ ನನ್ನನ್ನು ನೋಡಿದರು.

ಕಲಬುರಗಿಯಲ್ಲಿ ಇಳಿದಾಗ ಮೈದುನ ಬಾಯಿ ತೆರೆಯುವ ಮೊದಲೇ ನಾನು ಮಾತು ಹಾಕಿದೆ. “ನನ್ನ ಸೀಟ ನನಗ ಕೊಡು. ಗುಂಡಿ ನಾ ನೋಡ್ಕೋತೀನಿ.”

“ಕಾಲಿಡ್ಲಕ್ಕ ಜಾಗ ಎಲ್ಲ್ಯದರಿ ವೈನಿ?”

“ಗೂಡ ಕಿತ್ತ ಒಗಿ. ಹಾಡಿನ ಡಬ್ಬಿ ನನ್ನ ತೊಡಿ ಮ್ಯಾಲ ಇಡು, ಕೌದಿ ಸೈತ. ಬುಟ್ಟಿ ಕಾಲಾಗ.”

ಅವನು ಯೋಚನೆ ಮಾಡಿದ. ಎಮ್ಮೆ ನೆನಪಾಗಿರಬೇಕು. ಹೂಂ ಅಂದ. ಹೀಗೆ ನಾನೇ ಕೇಳಿ ಆ ಡಬ್ಬಿಯನ್ನು ಮೈಮೇಲೆ ಹಾಕಿಕೊಂಡೆ.

ಗೂಡು ಕಿತ್ತ ಮೇಲೆ ಉಳಿದ ಎರಡು ಪೆಟ್ಟಿಗೆಗಳಿಗೆ ಜಾಗ ಇರಲಿಲ್ಲ. ಅವನ್ನು ನನ್ನ ಪಕ್ಕದ ಬಾಗಿಲಿಗೇ ಒಳಗಿನಿಂದ ಸ್ಕ್ರೂ ಹೊಡೆದು ಕೂಡಿಸಿದರು. ಅಲ್ಲಿಂದ ವೈರುಗಳು ನನ್ನ ಹೊಟ್ಟೆಯ ಮುಂದೆ ಹಾದು ಡಬ್ಬಿಗೆ. ಬಾಗಿಲು ತೆರೆದಾಗಲೆಲ್ಲ ವೈರು ಜಗ್ಗಿ ಹಾಡು ನಿಲ್ಲುತ್ತಿತ್ತು. ಎರಡು ದಿನ ನೋಡಿದ ಮೈದುನ ಮೂರನೆಯ ದಿನ ಕಬ್ಬಿಣದ ತಂತಿ ತಂದು ಬಾಗಿಲನ್ನು ಕಂಬಿಗೆ ಸೇರಿಸಿ ಬಿಗಿದು ಕಟ್ಟಿಬಿಟ್ಟ.

ಅಂದಿನಿಂದ ನಾನು ಡ್ರೈವರನ ಬಾಗಿಲಿನಿಂದಲೇ ಹತ್ತಬೇಕು. ಅವನ ಸೀಟು ದಾಟಿ, ಗೇರಿನ ಕೋಲು ದಾಟಿ, ಸೀರೆ ಎತ್ತಿಹಿಡಿದು, ನನ್ನ ಮೂಲೆಗೆ. ಆಮೇಲೆ ಬುಟ್ಟಿ, ಆಮೇಲೆ ಕೌದಿ, ಆಮೇಲೆ ಡಬ್ಬಿ, ಆಮೇಲೆ ನಡುವೆ ಒಬ್ಬರು, ಕಡೆಗೆ ಮೈದುನ. ಎಲ್ಲರಿಗಿಂತ ಮೊದಲು ಒಳಗೆ, ಎಲ್ಲರಿಗಿಂತ ಕಡೆಗೆ ಹೊರಗೆ.

“ಅವ್ವ ಜೀಪ ಹತ್ಲಾಕತ್ತಾಳೋ, ಗುಡ್ಡ ಏರ್ಲಾಕತ್ತಾಳೋ?” ಅನ್ನುತ್ತಿದ್ದರು ಸ್ಟ್ಯಾಂಡಿನವರು.

“ಗುಡ್ಡಾದ್ರ ಮ್ಯಾಲ ಗಾಳಿ ಇರ್ತಿತ್ತಲೋ,” ಅನ್ನುತ್ತಿದ್ದೆ.

ಜೀಪು ತುಂಬುವತನಕ ಹೊರಡುವುದಿಲ್ಲ. ತುಂಬಲಿಕ್ಕೆ ಹಾಡು ಬೇಕು. ಹಾಡಿಗೆ ನಾನು ಬೇಕು. ಹೀಗಾಗಿ ಮೊದಲ ಗಿರಾಕಿ ಬರುವುದಕ್ಕೂ ಮೊದಲೇ ನಾನು ಒಳಗೆ ಸೇರಿ ಹಾಡು ಹಚ್ಚಿಕೊಂಡು ಕೂಡಬೇಕು. ಮೈದುನ ಚಹಾದ ಅಂಗಡಿಯಲ್ಲಿ. ಬೇಸಿಗೆಯಲ್ಲಿ ನಮ್ಮ ಕಡೆ ಜೀಪಿನ ತಗಡು ಮುಟ್ಟಿದರೆ ಕೈ ಸುಡುತ್ತದೆ. ಆ ತಗಡಿನೊಳಗೆ ನಾನು, ನನ್ನ ಮೇಲೆ ಬಿಸಿ ಡಬ್ಬಿ, ಪಕ್ಕದಲ್ಲಿ ಬಿಸಿ ಪೆಟ್ಟಿಗೆಗಳು. ಕೌದಿಯ ಪದರ ಇದ್ದರೂ ತೊಡೆಯ ಮೇಲೆ ಡಬ್ಬಿಯ ಆಕಾರಕ್ಕೆ ಚರ್ಮ ಕೆಂಪಾಗಿತ್ತು. ನೆಗೆಣ್ಣಿ ಒಮ್ಮೆ ನೋಡಿ, “ಅಯ್ಯ, ಬರಿ ಹಾಕಿದಂಗ ಆಗ್ಯದಲ್ಲ ಅಕ್ಕಾ,” ಅಂದು ಬೆಣ್ಣೆ ಕೊಟ್ಟಳು.

ಹಾಡುಗಳ ವಿಷಯ ಹೇಳದಿರುವುದೇ ಲೇಸು. ಎಲ್ಲ ಪ್ರೀತಿಯವು. ಗಂಡು ಒಮ್ಮೆ ಅಳುತ್ತಾನೆ, ಹೆಣ್ಣು ಒಮ್ಮೆ. ಭಾಯಿ ತುಂಬಿದ ಸಾಲಿನಲ್ಲೇ ಅವು ಬರುತ್ತಿದ್ದವು, ಗಾಬರಿಯಾಗಿ ಎದ್ದರೆ ತಿರುಗಿ ಮೊದಲಿನಿಂದ. ಸಾವಿರ ಹಾಡಿದ್ದರೂ ನಾನು ಕೇಳಿದ್ದು ಮೊದಲಿನ ಹತ್ತಿಪ್ಪತ್ತು, ಅವನ್ನೇ ವರ್ಷಗಟ್ಟಲೆ. ಜೋಂಪು ಹತ್ತಿದರೆ ಪೀಂ ಕೇಳಿಸುವುದಿಲ್ಲ, ಅದಕ್ಕೆ ನಿದ್ದೆ ಮಾಡುವ ಹಾಗಿಲ್ಲ. ಹಿಂದಿನಿಂದ ಹುಡುಗರು, “ಅವ್ವಾ, ಆ ಹಾಡ ಹಚ್ಚ,” ಅನ್ನುವವರು. ಯಾವುದು ಅಂದರೆ ಹಾಡಿ ತೋರಿಸುವವರು. ಅವರು ಹಾಡಿದ್ದು ಕೇಳಿದ ಮೇಲೆ ಡಬ್ಬಿಯ ಮೇಲೆ ಸ್ವಲ್ಪ ಮರ್ಯಾದೆ ಹುಟ್ಟುತ್ತಿತ್ತು.

ಆದರೆ ಬಾಳೆಹಣ್ಣು ಕೆಂಪಾಗಿಯೇ ರೋಜಾ ಮುಟ್ಟಿತು. ಬುರ್ಖಾದಾಕೆ ತಿರುಗಿ ಬಂದಳು.

ದರ್ಗಾದ ಉರುಸಿನ ದಿನಗಳಲ್ಲಿ ಒಂದು ಮಧ್ಯಾಹ್ನ. ರೋಜಾದ ರಸ್ತೆಯಲ್ಲಿ ಕಾಲಿಡಲಿಕ್ಕೆ ಜಾಗ ಇರಲಿಲ್ಲ. ಮಂದಿಯನ್ನು ಹಿಂದೆಯೇ ಇಳಿಸಿ, ನನ್ನನ್ನು ಅಂಗಡಿಯ ಹತ್ತಿರ ಬಿಡುತ್ತೇನೆ ಅಂತ ಮೈದುನ ಜೀಪನ್ನು ಗರ್ದಿಯೊಳಗೆ ನುಗ್ಗಿಸಿದ. ಜೀಪು ಹೂತುಹೋಯಿತು. ಮುಂದೂ ಇಲ್ಲ, ಹಿಂದೂ ಇಲ್ಲ.

“ಮುಂದ ಏನಾಗ್ಯದ ನೋಡಿ ಬರ್ತೀನಿ ವೈನಿ,” ಅಂದು ಅವನು ಇಳಿದು ಹೋದ. ಅವನು ಹೋದ ಹಿಂದೆಯೇ ಒಂದು ಯಾತ್ರಿಕರ ಬಸ್ಸು ಸರಿದು ಬಂದು ಅವನ ಬಾಗಿಲಿಗೆ ಅಂಟಿ ನಿಂತಿತು. ಆ ಕಡೆ ಬಸ್ಸು, ಈ ಕಡೆ ತಂತಿ. ಹಿಂದಿನ ಪಟ್ಟಿ ಸೀಟಿಗೂ ಮುಂದಿನ ಸೀಟಿಗೂ ನಡುವೆ ಕಬ್ಬಿಣದ ಜಾಳಿಗೆ. ನಾನು ಡಬ್ಬಿ ಹೊತ್ತುಕೊಂಡು ಕೂತೆ.

ಕಿಟಕಿ ನಾನು ತೂರುವಷ್ಟು ದೊಡ್ಡದಲ್ಲ, ಆದರೆ ಗಾಜು ಇರಲಿಲ್ಲ, ಅದೊಂದು ಪುಣ್ಯ. ಒಬ್ಬ ಮುದುಕ ಕಾಲಲ್ಲಿದ್ದ ಬುಟ್ಟಿ ನೋಡಿ, “ಮಾರ್ತೀರೇನಮ್ಮಾ?” ಅಂದ. ಎರಡು ಕೊಟ್ಟೆ. ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಇನ್ನೊಬ್ಬರು. ಡಬ್ಬಿಯ ಮೇಲೆ ಹಣ್ಣು ಇಟ್ಟು ಕಿಟಕಿಯಿಂದಲೇ ಮಾರಿದೆ. ಬುಟ್ಟಿ ಬರಿದಾಯಿತು. ಹಣ್ಣೆಲ್ಲ ಹೊರಗೆ ಹೋದವು, ನಾನು ಮಾತ್ರ ಒಳಗೆ.

ಬಿಸಿಲು ಇಳಿಯತೊಡಗಿತು. ಮೈದುನ ಬರಲಿಲ್ಲ. ಬೆಳಿಗ್ಗೆ ಕುಡಿದ ಚಹಾ ಹೊಟ್ಟೆಯ ಕೆಳಗೆ ಬಂದು ನಿಂತಿತ್ತು. ಇದನ್ನು ಹೇಳಬಾರದು ಅನ್ನುವವರು ಆ ಸೀಟಿನಲ್ಲಿ ಒಂದು ಮಧ್ಯಾಹ್ನ ಕೂತು ನೋಡಲಿ.

ಗದ್ದಲದಲ್ಲಿ ಭಾಯಿ ಅಂಗಡಿಯಿಂದ ದಾರಿ ಮಾಡಿಕೊಂಡು ಕಿಟಕಿಗೆ ಬಂದ. “ಖಾಲಾ, ಹಾಡ ಬಂದ್ ಮಾಡ್ರಿ. ಸಂದಲ್ ಮೆರವಣಿಗಿ ಬರ್ಲಾಕತ್ತದ.”

ಬಂದ್ ಮಾಡಿದೆ. ದರ್ಗಾದ ಕಡೆಯ ಡೋಲು ಕೇಳಿಸಿತು. “ಭಾಯಿ, ನಾ ಕೆಳಗ ಇಳೀಬೇಕು,” ಅಂದೆ. ನನ್ನ ಮುಖ ನೋಡಿ ಅವನಿಗೆ ತಿಳಿಯಿತು. ಮತ್ತೇನೂ ಕೇಳದೆ ಹೋಗಿ ತಂತಿ ಕತ್ತರಿಸುವ ಪಕ್ಕಡ ತಂದ. ತಂತಿಯನ್ನು ಪಕ್ಕಡದ ಬಾಯಿಗೆ ಹಿಡಿದು, ಅಲ್ಲೇ ನಿಲ್ಲಿಸಿ, ನನ್ನನ್ನು ನೋಡಿದ.

“ತಂತಿ ಕತ್ತರಿಸ್ತೀನಿ. ಖರೆ, ಬಾಗಿಲ ಜಗ್ಗಿ ತಗದ್ರ ಬ್ಯಾಟರಿಗಿ, ಸ್ಪೀಕರಿಗಿ ಬಿಗದ ಹಾಕಿದ ಈ ವೈರೆಲ್ಲ ಹರೀತಾವ ಖಾಲಾ. ಉರುಸ್ ಮುಗಿಯೋತನಕ ನನಗ ರಿಪೇರಿ ಮಾಡ್ಲಕ್ಕ ಪುರಸೊತ್ತಿಲ್ಲ. ಏನ್ ಮಾಡ್ಲಿ?”

ವೈರು ಹರಿದರೆ ಹಾಡು ಇಲ್ಲ. ಹಾಡು ಇಲ್ಲದಿದ್ದರೆ ಗುಂಡಿ ಒತ್ತುವವಳು ಯಾಕೆ ಬೇಕು. ಉರುಸಿನ ದಿನಗಳೆಲ್ಲ ನಾನು ಮನೆಯಲ್ಲಿ ಜೋಳ ಹಸನು ಮಾಡುತ್ತ ಕೂತರೆ, ಆಮೇಲೆ ಅದೇ ರೂಢಿಯಾಗುತ್ತದೆ. ನೆಗೆಣ್ಣಿ ಚಹಾ ಇಡುತ್ತಾಳೆ, ಒಳ್ಳೆಯ ಮಾತಾಡುತ್ತಾಳೆ. ಪಕ್ಕಡದ ಬಾಯಲ್ಲಿ ತಂತಿ ಹೊಳೆಯುತ್ತಿತ್ತು.

“ಬ್ಯಾಡ ಬಿಡು,” ಅಂದೆ. “ಕುಂದರ್ತೀನಿ.”

“ಆಗ್ತದೇನ್ ಖಾಲಾ?”

“ಆಗಲೇಬೇಕಲ್ಲ.”

ಅವನು ಪಕ್ಕಡ ಜೇಬಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಲ್ಲೇ ಕಿಟಕಿ ಹಿಡಿದು ನಿಂತ, ಜನ ಜೀಪಿಗೆ ತಾಗದ ಹಾಗೆ. ನಾನು ಉಚ್ಚೆ ತಡೆದುಕೊಂಡು ಸಂದಲ್ ಹಾದುಹೋಗುವುದನ್ನು ನೋಡಿದೆ. ಗಂಧದ ವಾಸನೆ ಬಂತು. ಅದರಿಂದ ಏನೂ ಹಗುರ ಆಗಲಿಲ್ಲ. ಬಸ್ಸು ಸರಿದು ಮೈದುನ ಬಂದಾಗ ದೀಪ ಹಚ್ಚಿದ್ದರು. “ಭಾಳ ಗರ್ದಿ ಇತ್ತರಿ ವೈನಿ,” ಅನ್ನುತ್ತ ಹತ್ತಲಿಕ್ಕೆ ಬಂದ. ಅವನನ್ನು ಕೊರಳಪಟ್ಟಿ ಹಿಡಿದು ಹೊರಗೆ ನೂಕಿ, ಡಬ್ಬಿಯ ವೈರು ತೆಗೆದು ಅದನ್ನು ಅವನ ಕೈಗೆ ಕೊಟ್ಟು, ಗೇರು ದಾಟಿ ಇಳಿದು ಹೋದೆ. ಏನು ಬೈದೆ ಅನ್ನುವುದು ಬೇಡ. ಬಸ್ಸಿನ ಯಾತ್ರಿಕರು ಕಿಟಕಿಯಿಂದ ತಲೆ ಹಾಕಿ ಕೇಳಿದರು, ಅವರಿಗೆ ಕನ್ನಡ ಬಾರದಿದ್ದರೂ ಪೂರ್ತಿ ತಿಳಿಯಿತು.

ಅದಾದ ಮೇಲೆ ಇನ್ನೆಷ್ಟೋ ಬೇಸಿಗೆ, ಮಳೆಗಾಲ. ಒಂದು ದಿನ ಮೈದುನ ಅಂಗೈಯಷ್ಟು ಒಂದು ಹೊಸ ಪ್ಲೇಯರು ತಂದ. ಹಾಡು ತುಂಬಿದ ಬೆರಳುದ್ದದ ಕಡ್ಡಿ ಸಿಕ್ಕಿಸಿದರೆ ಅದೇ ಹಾಡುತ್ತದೆ. ಗಾಬರಿ ಇಲ್ಲ, ಪೀಂ ಇಲ್ಲ, ಏನೂ ಕೇಳುವುದಿಲ್ಲ. ನನ್ನ ತೊಡೆಯ ಮೇಲಿನ ಡಬ್ಬಿಯನ್ನು ಭಾಯಿಯ ಅಂಗಡಿಯ ಮೂಲೆಗೆ ಕೊಟ್ಟ. ಬಾಗಿಲಿನ ಪೆಟ್ಟಿಗೆಗಳನ್ನು ಬಿಚ್ಚಿದ.

“ನಿಮಗ ಇನ್ನ ತ್ರಾಸ ಇಲ್ಲರಿ ವೈನಿ,” ಅಂದ. “ಬಾಗಿಲ ತಗೀತೀನಿ. ಈಗ ಈ ಸೀಟಿಗಿ ಭಾಳ ಮಂದಿ ಕೇಳ್ತಾರ. ನೀವ್ ಹಿಂದ ಆರಾಮ ಕುಂದರ್ರಿ.”

ನಾನು ಕೌದಿ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ನೋಡುತ್ತ ನಿಂತೆ. ಅವನು ಕಬ್ಬಿಣದ ತಂತಿಯ ಸುತ್ತು ಬಿಚ್ಚಿ ಒಗೆದ. ಹಿಡಿಕೆ ತಿರುಗಿಸಿ ಜಗ್ಗಿದ. ಬಾಗಿಲು ಬರಲಿಲ್ಲ. ಕಾಲು ಕೊಟ್ಟು ಜಗ್ಗಿದ. ಒಳಗೆ ಹೋಗಿ ಒದ್ದ. ಅಷ್ಟು ವರ್ಷದ ಮಳೆ, ಧೂಳು, ಬಾಗಿಲು ಜಂಗು ಹಿಡಿದು ಗೋಡೆ ಆಗಿತ್ತು. ವೆಲ್ಡಿಂಗಿನವನು ಬಂದು ಬಡಿದು ನೋಡಿ, ಕತ್ತರಿಸಬೇಕು, ಜೀಪು ಬಿಟ್ಟು ಹೋಗು ಅಂದ. ಮದುವೆಯ ದಿನಗಳು, ಜೀಪು ಬಿಟ್ಟು ಹೋಗಲಿಕ್ಕೆ ಮೈದುನ ತಯಾರಿರಲಿಲ್ಲ.

ಮೊದಲ ದಿನ ನನ್ನ ಸೀಟಿನಲ್ಲಿ ಒಬ್ಬ ದಪ್ಪನೆಯ ಹೆಂಗಸನ್ನು ಕೂಡಿಸಿದ. ಅವಳು ಇಳಿಯುವುದು ಮಹಾಗಾಂವ ಕ್ರಾಸಿಗೆ. ಅಲ್ಲಿ ಡ್ರೈವರ್ ಇಳಿದ, ನಡುವಿನವ ಇಳಿದ, ಹೆಂಗಸು ಗೇರಿನ ಕೋಲಿಗೆ ಸಿಕ್ಕಿಬಿದ್ದಳು. ಬಿಡಿಸಲಿಕ್ಕೆ ಮೂರು ಜನ ಬೇಕಾಯಿತು. “ಇದು ಸೀಟ ಅಲ್ಲೋ, ಇಲಿಬೋನು,” ಅಂದಳು, ಇನ್ನೂ ಬಹಳ ಅಂದಳು. ಎರಡನೆಯ ದಿನ ಒಬ್ಬ ಮಾಸ್ತರರು ಕೂತರು, ಕ್ರಾಸಿನಲ್ಲಿ ಅವರ ಧೋತರ ಹರಿಯಿತು. ಆಮೇಲೆ ಸ್ಟ್ಯಾಂಡಿನಲ್ಲಿ ಯಾರೂ ಆ ಕಡೆ ಬರಲಿಲ್ಲ. ಹತ್ತಿದರೆ ಕಡೆಯ ಊರಿನತನಕ ಇಳಿಯದವರು ಮಾತ್ರ ಅಲ್ಲಿ ಕೂಡಬಹುದು, ಅದೂ ಬುಟ್ಟಿ ಇಟ್ಟುಕೊಂಡು ಸುಮ್ಮನೆ ಕೂಡುವವರು.

ಮೂರನೆಯ ದಿನ ಯಾರನ್ನೂ ಕೇಳದೆ ನಾನು ಗೇರು ದಾಟಿ ಹೋಗಿ ಕೂತೆ. ಕೌದಿ ಈಗ ತೊಡೆಯ ಮೇಲಲ್ಲ, ಕೆಳಗೆ. ಬುಟ್ಟಿ ಕಾಲಲ್ಲಿ. ಮೈದುನ ಹತ್ತಿ ಕೂತು ನನ್ನ ಕಡೆ ನೋಡಿದ.

“ಮದಿವಿ ಮುಗೀಲಿ, ವೆಲ್ಡಿಂಗ್ ಮಾಡಸ್ತೀನಿ ವೈನಿ. ಬಾಗಿಲ ತಗಿಸಿಬಿಡ್ತೀನಿ.”

“ಏನ್ ಅವಸರ ಅದ?” ಅಂದೆ.

ಕೆಲವು ದಿನ ಬಿಟ್ಟು ಅವನು ಮನೆಯಿಂದ ಸಣ್ಣ ಬಾಟಲಿಯಲ್ಲಿ ಕುಸುಬಿ ಎಣ್ಣೆ ತಂದು ನನ್ನ ಕೈಗೆ ಕೊಟ್ಟ. “ಸ್ಟ್ಯಾಂಡಿನ್ಯಾಗ ಸುಮ್ಮ ಕುಂತಿರ್ತೀರಲ್ಲ, ಆ ಚಿಲಕಕ್ಕ ಚೂರಚೂರ ಹಾಕ್ರಿ. ಸಡ್ಲ ಆಗ್ತದೇನೋ ನೋಡಮು,” ಅಂದು ಚಹಾ ಕುಡಿಯಲಿಕ್ಕೆ ಹೋದ.

ನಾನು ಬಾಟಲಿಯ ಬಿರಡೆ ತೆಗೆದೆ. ಗೇರು ದಾಟಿ ದಾಟಿ ನನ್ನ ಮೊಣಕಾಲು ಎರಡೂ ಹಿಡಿದಿದ್ದವು. ಸೀರೆ ಸ್ವಲ್ಪ ಮೇಲೆತ್ತಿ ಎಣ್ಣೆಯನ್ನು ಅವಕ್ಕೆ ತಿಕ್ಕಿಕೊಂಡೆ.